ಫಾಕ್ಸ್‌ಪ್ರೊ ಫೈಲುಗಳಲ್ಲಿರುವ ಹಳೆಯ ದತ್ತಾಂಶವನ್ನು ವೆಬ್ ಅಪ್ಲಿಕೇಶನ್ನಿಗೆ ಜೋಡಿಸುವ ಕ್ರಮ

ಮೈಕ್ರೋಸಾಫ್ಟ್ ಸಂಸ್ಥೆಯು ಡೇಟಾಬೇಸ್ ತಂತ್ರಾಂಶಗಳನ್ನು ಬರೆಯುವ ಸಾಧನವಾದ ವಿಷುಯಲ್ ಫಾಕ್ಸ್‌ಪ್ರೊದ 9ನೆಯ ಆವೃತ್ತಿಯನ್ನು 2004ರ ಕೊನೆಯಲ್ಲಿ ಹೊರತಂದಿತು, ಅದರ ಮುಂದೆ ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ತಿಳಿಸಿತು, 2015ರ ಜನವರಿಯಲ್ಲಿ ಬೆಂಬಲವನ್ನೂ ಪೂರ್ತಿಯಾಗಿ ನಿಲ್ಲಿಸಿತು. ಆದರೂ ಅದರಲ್ಲಿ ಬರೆದ ಲೆಕ್ಕದ ತಂತ್ರಾಂಶಗಳು ಸಹಕಾರ ಸಂಘಗಳಲ್ಲಿ, ಮಳಿಗೆಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ಕೆಲಸ ಮಾಡುತ್ತಿವೆ. ಸಿಬ್ಬಂದಿಗೆ ಅದರ ಒಂದೊಂದು ಕೀಲಿಯೂ ಕೈಗೆ ಕೂತಿದೆ, ಲೆಕ್ಕಪರಿಶೋಧಕರು ಅದರ ವರದಿಗಳನ್ನು ಒಪ್ಪುತ್ತಾರೆ, ಹೀಗಾಗಿ ಅದನ್ನು ತೆಗೆದುಹಾಕುವ ಧೈರ್ಯ ಆಡಳಿತ ಮಂಡಳಿಗೆ ಬರುವುದಿಲ್ಲ. ಈ ನಡುವೆ ಸದಸ್ಯರು ತಮ್ಮ ಉಳಿತಾಯ ಖಾತೆ, ಸಾಲದ ಬಾಕಿ, ಷೇರು ಮೊತ್ತಗಳನ್ನು ಮೊಬೈಲಿನಲ್ಲಿಯೇ ನೋಡಬೇಕೆಂದು ಕೇಳುತ್ತಾರೆ. ಇಂಥ ಸಂಘವೊಂದರ ದತ್ತಾಂಶವನ್ನು ಪೈಥಾನ್ ಭಾಷೆಯ ಲೈಬ್ರರಿಯ ಮೂಲಕ ಓದಿ ವೆಬ್ ಅಪ್ಲಿಕೇಶನ್ನಿಗೆ ಒದಗಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಓದುಗರಿಗೆ ಪೈಥಾನ್ ಮತ್ತು ಎಸ್‌ಕ್ಯೂಎಲ್ ಸಾಮಾನ್ಯ ಮಟ್ಟದಲ್ಲಿ ತಿಳಿದಿದೆಯೆಂದು ಭಾವಿಸಲಾಗಿದೆ. ಫಾಕ್ಸ್‌ಪ್ರೊ ಗೊತ್ತಿರಬೇಕೆಂದಿಲ್ಲ.

ವೆಬ್ ಅಪ್ಲಿಕೇಶನ್ನನ್ನು ನೇರವಾಗಿ ಹಳೆಯ ಫೈಲುಗಳಿಗೆ ಜೋಡಿಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹಳೆಯ ಫೈಲುಗಳಿಗೆ ಬರೆಯುವ ಹಕ್ಕು ಹಳೆಯ ತಂತ್ರಾಂಶಕ್ಕೆ ಮಾತ್ರ ಇರಬೇಕು. ವೆಬ್ ಅಪ್ಲಿಕೇಶನ್ ಓದುವುದು ಆ ಫೈಲುಗಳಿಂದ ನಿಯತವಾಗಿ ತೆಗೆದ ಪ್ರತಿಯನ್ನು. ಈ ನಿರ್ಧಾರವನ್ನು ಮೊದಲೇ ಮಾಡಿಕೊಂಡರೆ ಮುಂದಿನ ಅರ್ಧ ತೊಡಕುಗಳು ಹುಟ್ಟುವುದೇ ಇಲ್ಲ.

ನೇರ ಜೋಡಣೆಯ ತೊಂದರೆಗಳು

ನೇರ ಜೋಡಣೆ ಅಸಾಧ್ಯವೇನಲ್ಲ. ಮೈಕ್ರೋಸಾಫ್ಟ್ ಫಾಕ್ಸ್‌ಪ್ರೊಗಾಗಿ ಬೇರೆ ಪ್ರೋಗ್ರಾಮುಗಳು ಅದರ ಟೇಬಲುಗಳನ್ನು ಬಳಸಲೆಂದು ಒಂದು ಓಡಿಬಿಸಿ ಡ್ರೈವರನ್ನೂ ಒಂದು ಓಎಲ್‌ಇ ಡಿಬಿ ಪ್ರೊವೈಡರನ್ನೂ ಕೊಟ್ಟಿತ್ತು. ಇವೆರಡೂ 32 ಬಿಟ್‌ನವು. 64 ಬಿಟ್‌ನ ರೂಪ ಎಂದೂ ಬರಲಿಲ್ಲ. ಆದ್ದರಿಂದ ಅವುಗಳನ್ನು ಬಳಸುವ ಪೈಥಾನ್ ಕೂಡ 32 ಬಿಟ್‌ನದಾಗಿರಬೇಕು, ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್ ಆದರೆ ಅಪ್ಲಿಕೇಶನ್ ಪೂಲಿನಲ್ಲಿ 32 ಬಿಟ್ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ಓಡಿಬಿಸಿ ಡ್ರೈವರ್ ಇನ್ನೂ ಹಳೆಯದಾದ ಕಾರಣ ವಿಷುಯಲ್ ಫಾಕ್ಸ್‌ಪ್ರೊದ ನಂತರದ ಆವೃತ್ತಿಗಳಲ್ಲಿ ಬಂದ ಕೆಲವು ಫೀಲ್ಡ್ ಬಗೆಗಳಿರುವ ಟೇಬಲುಗಳನ್ನು ತೆರೆಯುವುದೇ ಇಲ್ಲ.

ಡ್ರೈವರಿನ ಮಾತು ಹಾಗಿರಲಿ, ಇದಕ್ಕಿಂತ ದೊಡ್ಡ ತೊಡಕು ಫೈಲು ಹಂಚಿಕೆಯದು. ಇಲ್ಲಿ ಡೇಟಾಬೇಸ್ ಸರ್ವರ್ ಎಂಬ ಪ್ರತ್ಯೇಕ ಪ್ರೋಗ್ರಾಂ ಇಲ್ಲ. ಪ್ರತಿಯೊಂದು ಕಂಪ್ಯೂಟರೂ ಹಂಚಿಕೆಯ ಫೋಲ್ಡರಿನಲ್ಲಿರುವ ಫೈಲನ್ನು ತಾನೇ ತೆರೆದು, ಬೇಕಾದ ಭಾಗಕ್ಕೆ ಬೀಗ ಹಾಕಿ, ಬದಲಿಸಿ ಮುಚ್ಚುತ್ತದೆ. ಎಲ್ಲರೂ ಒಂದೇ ನಿಯಮದಂತೆ ಬೀಗ ಹಾಕಿದರೆ ಮಾತ್ರ ಈ ಏರ್ಪಾಡು ನಿಲ್ಲುತ್ತದೆ. ಫೈಲಿನ ಭಾಗವನ್ನು ಆಯಾ ಕಂಪ್ಯೂಟರಿನಲ್ಲಿಯೇ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಬಿಡುವ ವಿಂಡೋಸ್ ಹಂಚಿಕೆಯ ಆಪರ್ಚುನಿಸ್ಟಿಕ್ ಲಾಕಿಂಗ್ ಸೌಲಭ್ಯದಿಂದಲೇ ಫಾಕ್ಸ್‌ಪ್ರೊ ಟೇಬಲುಗಳಾದ ಡಿಬಿಎಫ್ ಫೈಲುಗಳು ಕೆಡುವುದು ಹಳೆಯ ಫಾಕ್ಸ್‌ಪ್ರೊ ಬಳಕೆದಾರರಿಗೆಲ್ಲ ಗೊತ್ತಿರುವ ಸಂಗತಿ. ಅದರ ಮೇಲೆ ನೂರಾರು ಬ್ರೌಸರುಗಳ ಕೋರಿಕೆಗಳನ್ನು ಹೊತ್ತ ವೆಬ್ ಸರ್ವರನ್ನು ಅದೇ ಫೋಲ್ಡರಿಗೆ ಬಿಟ್ಟರೆ ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯ ಪರದೆ ನಿಂತುಹೋಗುತ್ತದೆ. ಇನ್ನು ಇಂಡೆಕ್ಸ್ ವಿಷಯ. ಡಿಬಿಎಫ್ ಫೈಲಿನ ಪಕ್ಕದಲ್ಲಿರುವ ಸಿಡಿಎಕ್ಸ್ ಎಂಬ ಇಂಡೆಕ್ಸ್ ಫೈಲನ್ನು ಪೈಥಾನಿನ ಸಾಮಾನ್ಯ ಲೈಬ್ರರಿಗಳು ಪರಿಷ್ಕರಿಸುವುದಿಲ್ಲ. ಅವುಗಳ ಮೂಲಕ ಹೊಸ ರೆಕಾರ್ಡ್ ಸೇರಿಸಿದರೆ ಅದು ಟೇಬಲಿನಲ್ಲಿ ಇರುತ್ತದೆ, ಆದರೆ ಸದಸ್ಯತ್ವ ಸಂಖ್ಯೆ ಕೊಟ್ಟು ಹುಡುಕುವ ಹಳೆಯ ತಂತ್ರಾಂಶಕ್ಕೆ ಸಿಗುವುದಿಲ್ಲ. ಲೆಕ್ಕದ ತಂತ್ರಾಂಶದಲ್ಲಿ ಇದಕ್ಕಿಂತ ಅಪಾಯದ ದೋಷವನ್ನು ನಾನು ಊಹಿಸಲಾರೆ, ಏಕೆಂದರೆ ತಪ್ಪು ನಡೆದಿದೆಯೆಂಬ ಸುಳಿವನ್ನೇ ಅದು ಕೊಡುವುದಿಲ್ಲ.

ಫೈಲಿನ ಒಳರಚನೆ

ಲೈಬ್ರರಿ ಎಲ್ಲವನ್ನೂ ಮರೆಮಾಡಿ ಕೊಡುತ್ತದಾದರೂ ಡಿಬಿಎಫ್ ಫೈಲಿನ ಒಳರಚನೆಯನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಅದು ಬಹಳ ಸರಳವೂ ಹೌದು. ಮೊದಲ 32 ಬೈಟುಗಳು ಫೈಲಿನ ಶಿರೋಭಾಗ. ಅದರ ಮೊದಲ ಬೈಟು ಫೈಲಿನ ಬಗೆಯನ್ನು ಹೇಳುತ್ತದೆ: 3 ಎಂದಿದ್ದರೆ ಮೆಮೊ (ಉದ್ದನೆಯ ಪಠ್ಯದ ಫೀಲ್ಡು) ಇಲ್ಲದ ಡಿಬೇಸ್ 3ರ ಮಾದರಿ, 245 ಎಂದಿದ್ದರೆ ಮೆಮೊ ಇರುವ ಫಾಕ್ಸ್‌ಪ್ರೊ 2ರ ಮಾದರಿ, 48 ಎಂದಿದ್ದರೆ ವಿಷುಯಲ್ ಫಾಕ್ಸ್‌ಪ್ರೊ. ಅದರ ನಂತರದ ಮೂರು ಬೈಟುಗಳಲ್ಲಿ ಕೊನೆಯ ಬದಲಾವಣೆಯ ದಿನಾಂಕ, ಅದಾದ ಮೇಲಿನ ನಾಲ್ಕರಲ್ಲಿ ರೆಕಾರ್ಡುಗಳ ಸಂಖ್ಯೆ, ಎರಡರಲ್ಲಿ ಶಿರೋಭಾಗದ ಒಟ್ಟು ಉದ್ದ, ಮತ್ತೆರಡರಲ್ಲಿ ಒಂದು ರೆಕಾರ್ಡಿನ ಉದ್ದ ಇರುತ್ತವೆ. ಈ 32 ಬೈಟುಗಳಾದ ಮೇಲೆ ಪ್ರತಿಯೊಂದು ಫೀಲ್ಡಿನ ವಿವರಕ್ಕೂ 32 ಬೈಟುಗಳು ಮೀಸಲು. ಫೀಲ್ಡಿನ ಹೆಸರು ಹತ್ತು ಅಕ್ಷರಗಳನ್ನು ಮೀರುವಂತಿಲ್ಲ. ಹಳೆಯ ಟೇಬಲುಗಳಲ್ಲಿ ಸ್ವರಗಳನ್ನೆಲ್ಲ ನುಂಗಿದ ವಿಚಿತ್ರ ಹೆಸರುಗಳು ಕಾಣುವುದಕ್ಕೆ ಇದೇ ಕಾರಣ.

ಪ್ರತಿಯೊಂದು ರೆಕಾರ್ಡಿನ ಮೊದಲ ಬೈಟು ಅಳಿಸುವಿಕೆಯ ಗುರುತು. ಖಾಲಿ ಜಾಗವಿದ್ದರೆ ರೆಕಾರ್ಡ್ ಜೀವಂತ, ನಕ್ಷತ್ರ ಚಿಹ್ನೆಯಿದ್ದರೆ ಅಳಿಸಿದ್ದು. ಅಳಿಸಿದ ರೆಕಾರ್ಡ್ ಪ್ಯಾಕ್ ಎಂಬ ಆಜ್ಞೆ ಕೊಡುವವರೆಗೂ ಫೈಲಿನಲ್ಲಿಯೇ ಇರುತ್ತದೆ, ರೀಕಾಲ್ ಆಜ್ಞೆಯಿಂದ ಮರಳಿ ಬರಲೂಬಹುದು. ಪ್ಯಾಕ್ ಆದ ಮೇಲೆ ಉಳಿದ ರೆಕಾರ್ಡುಗಳ ಕ್ರಮಸಂಖ್ಯೆ ಬದಲಾಗುತ್ತದೆ. ಆದ್ದರಿಂದ ರೆಕಾರ್ಡಿನ ಕ್ರಮಸಂಖ್ಯೆಯನ್ನು ಹೊಸ ಡೇಟಾಬೇಸಿನಲ್ಲಿ ಪ್ರಾಥಮಿಕ ಕೀಲಿಯಾಗಿ ಎಂದಿಗೂ ಬಳಸಬಾರದು. ಸದಸ್ಯತ್ವ ಸಂಖ್ಯೆ, ಖಾತೆಯ ಬಗೆ ಮತ್ತು ಸಂಖ್ಯೆ, ರಸೀದಿಯ ದಿನಾಂಕ ಮತ್ತು ಸಂಖ್ಯೆ ಇಂಥ ಫೀಲ್ಡುಗಳ ಜೋಡಿಯನ್ನು ಕೀಲಿಯಾಗಿ ಆರಿಸಿ, ಅದು ನಿಜಕ್ಕೂ ಪುನರಾವರ್ತನೆಯಾಗುವುದಿಲ್ಲವೆಂಬುದನ್ನು ಎಣಿಸಿ ನೋಡಿಯೇ ಮುಂದುವರಿಯಬೇಕು.

ಪ್ರತಿ ತೆಗೆಯುವುದು

ಜೀವಂತ ಫೈಲನ್ನು ಲೈಬ್ರರಿಯಿಂದ ತೆರೆಯದೆ ಮೊದಲು ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ತೆರೆಯಬೇಕು. ಡಿಬಿಎಫ್ ಜೊತೆಗೆ ಅದೇ ಹೆಸರಿನ ಎಫ್‌ಪಿಟಿ ಅಥವಾ ಡಿಬಿಟಿ ಫೈಲು ಇದ್ದರೆ ಎರಡನ್ನೂ ಒಂದೇ ಸಲಕ್ಕೆ ಪ್ರತಿ ಮಾಡಬೇಕು, ಏಕೆಂದರೆ ಉದ್ದನೆಯ ಷರಾಗಳು ಆ ಎರಡನೆಯ ಫೈಲಿನಲ್ಲಿರುತ್ತವೆ, ಮುಖ್ಯ ಫೈಲಿನಲ್ಲಿ ಅವುಗಳ ಸ್ಥಾನ ಮಾತ್ರ ಇರುತ್ತದೆ. ದಿನದ ವಹಿವಾಟು ಮುಗಿಸಿ ದಿನವಹಿ ಮುಚ್ಚಿದ ಮೇಲೆ ಪ್ರತಿ ತೆಗೆಯುವುದು ಸುರಕ್ಷಿತ. ಹಗಲಿನಲ್ಲಿಯೂ ಬೇಕೆಂದರೆ ವಿಂಡೋಸ್ ಸರ್ವರಿನ ವಾಲ್ಯೂಮ್ ಶ್ಯಾಡೋ ಕಾಪಿ ಸೌಲಭ್ಯವನ್ನು ಬಳಸಬಹುದು. ಎಲ್ಲ ಫೈಲುಗಳೂ ಒಂದೇ ಕ್ಷಣದ ಸ್ಥಿತಿಯಲ್ಲಿ ಸಿಗುತ್ತವೆ.

ಪ್ರತಿ ಸರಿಯಾಗಿ ಬಂದಿದೆಯೇ ಎಂಬುದನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಶಿರೋಭಾಗದ ಉದ್ದಕ್ಕೆ ರೆಕಾರ್ಡುಗಳ ಸಂಖ್ಯೆ ಮತ್ತು ಒಂದು ರೆಕಾರ್ಡಿನ ಉದ್ದದ ಗುಣಲಬ್ಧವನ್ನು ಕೂಡಿಸಿದರೆ ಫೈಲಿನ ಗಾತ್ರ ಸಿಗಬೇಕು; ಕೊನೆಯಲ್ಲಿ ಮುಕ್ತಾಯದ ಗುರುತಾಗಿ ಒಂದು ಬೈಟು ಹೆಚ್ಚಿರಬಹುದು. ಉದಾಹರಣೆಗೆ 20 ಫೀಲ್ಡುಗಳ ವಿಷುಯಲ್ ಫಾಕ್ಸ್‌ಪ್ರೊ ಟೇಬಲಿನ ಶಿರೋಭಾಗದಲ್ಲಿ ಮೊದಲ 32, ಫೀಲ್ಡುಗಳಿಗೆ 640, ಅಂತ್ಯಸೂಚಕ 1, ಡೇಟಾಬೇಸಿನ ಕೊಂಡಿಗೆ ಮೀಸಲಾದ 263, ಒಟ್ಟು 936 ಬೈಟುಗಳಿರುತ್ತವೆ. ಒಂದು ರೆಕಾರ್ಡ್ 180 ಬೈಟು ಉದ್ದವಿದ್ದು 45,000 ರೆಕಾರ್ಡುಗಳಿದ್ದರೆ ಫೈಲಿನ ಗಾತ್ರ 81,00,936 ಅಥವಾ 81,00,937 ಆಗಿರಬೇಕು. ಬೇರೆ ಸಂಖ್ಯೆ ಬಂದರೆ ಪ್ರತಿ ತೆಗೆಯುವಾಗ ಯಾರೋ ಬರೆಯುತ್ತಿದ್ದರು ಅಥವಾ ಮೂಲ ಫೈಲೇ ಕೆಟ್ಟಿದೆ ಎಂದರ್ಥ; ಆ ದಿನದ ವರ್ಗಾವಣೆಯನ್ನು ನಿಲ್ಲಿಸಿ ನಿನ್ನೆಯ ಪ್ರತಿಯನ್ನೇ ವೆಬ್ಬಿನಲ್ಲಿ ಉಳಿಸುವುದು ಲೇಸು.

ಪ್ರತಿ ತೆಗೆಯುವ ಪ್ರೋಗ್ರಾಂ ಕಚೇರಿಯ ಒಳಗಿನ ಕಂಪ್ಯೂಟರಿನಲ್ಲಿರಬೇಕು, ಅದಕ್ಕೆ ಆ ಫೋಲ್ಡರನ್ನು ಓದುವ ಅನುಮತಿ ಮಾತ್ರ ಇರಬೇಕು. ಡಿಬಿಎಫ್ ಫೈಲಿಗೆ ತನ್ನದೇ ಆದ ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುವುದಿಲ್ಲವಾದ್ದರಿಂದ ಅಂತರ್ಜಾಲಕ್ಕೆ ತೆರೆದ ವೆಬ್ ಸರ್ವರಿನಿಂದ ಆ ಫೋಲ್ಡರಿಗೆ ದಾರಿಯೇ ಇರಕೂಡದು. ಒಳಗಿನ ಯಂತ್ರ ಹೊರಗಿನ ಡೇಟಾಬೇಸಿಗೆ ಕಳುಹಿಸಲಿ. ಹೊರಗಿನದು ಒಳಗೆ ಬಂದು ತೆಗೆದುಕೊಳ್ಳುವುದು ಬೇಡ.

ಲೈಬ್ರರಿಯಿಂದ ಓದುವುದು

ಪೈಥಾನಿನಲ್ಲಿ ಈ ಕೆಲಸಕ್ಕೆ ಡಿಬಿಎಫ್‌ರೀಡ್ ಎಂಬ ಲೈಬ್ರರಿ ತಕ್ಕದ್ದು. ಅದು ಓದುತ್ತದೆಯೇ ಹೊರತು ಬರೆಯುವುದಿಲ್ಲ. ನಮ್ಮ ಉದ್ದೇಶಕ್ಕೆ ಅದೇ ಅದರ ದೊಡ್ಡ ಗುಣ. ಪಿಪ್ ಮೂಲಕ ಅದನ್ನು ಅಳವಡಿಸಿ, ಡಿಬಿಎಫ್ ಎಂಬ ಅದರ ಕ್ಲಾಸಿಗೆ ಫೈಲಿನ ದಾರಿಯನ್ನು ಕೊಟ್ಟರೆ ಒಂದೊಂದೇ ರೆಕಾರ್ಡನ್ನು ಡಿಕ್ಷನರಿಯ ರೂಪದಲ್ಲಿ ಕೊಡುತ್ತ ಹೋಗುತ್ತದೆ. ಲೋಡ್ ಎಂಬ ಆಯ್ಕೆಯನ್ನು ಹೇಳದಿದ್ದರೆ ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಫಾಕ್ಸ್‌ಪ್ರೊ ಒಪ್ಪುವ ಗರಿಷ್ಠ ಮಿತಿಯಾದ 2 ಜಿಬಿ ಗಾತ್ರದ ಫೈಲನ್ನೂ ಸಾಧಾರಣ ಕಂಪ್ಯೂಟರಿನಲ್ಲಿ ಓದಬಹುದು. ಅಳಿಸಿದ ರೆಕಾರ್ಡುಗಳನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ. ಅವು ಬೇಕೆಂದರೆ ಡಿಲೀಟೆಡ್ ಎಂಬ ಗುಣದ ಮೂಲಕ ಪ್ರತ್ಯೇಕವಾಗಿ ಪಡೆಯಬಹುದು.

ಆದರೆ ಅದರ ಪೂರ್ವನಿಯೋಜಿತ ನಡವಳಿಕೆಯಲ್ಲಿ ಎರಡು ವಿಷಯಗಳನ್ನು ಬದಲಿಸದೆ ಹಣದ ಲೆಕ್ಕವನ್ನು ಮುಟ್ಟಬಾರದು. ದಶಮಾಂಶವಿರುವ ಸಂಖ್ಯೆಗಳನ್ನು ಅದು ಫ್ಲೋಟ್ ಆಗಿ ಕೊಡುತ್ತದೆ. ಸಾವಿರಾರು ಖಾತೆಗಳ ಮೊತ್ತ ಕೂಡಿಸುವಾಗ ಪೈಸೆಗಳು ಅಲುಗಾಡುವುದು ಇದರಿಂದಲೇ. ಡಿಬಿಎಫ್‌ನ ಸಂಖ್ಯಾ ಫೀಲ್ಡಿನಲ್ಲಿ ಸಂಖ್ಯೆ ಪಠ್ಯದ ರೂಪದಲ್ಲಿಯೇ ಇರುತ್ತದಾದ್ದರಿಂದ ಅದನ್ನು ನೇರವಾಗಿ ಡೆಸಿಮಲ್ ಆಗಿ ಬದಲಿಸಲು ಯಾವ ಅಡ್ಡಿಯೂ ಇಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಫೀಲ್ಡಿನ ಅಗಲಕ್ಕೆ ಹಿಡಿಸದ ಸಂಖ್ಯೆ ಬಂದಾಗ ಫಾಕ್ಸ್‌ಪ್ರೊ ಆ ಜಾಗವನ್ನು ನಕ್ಷತ್ರಗಳಿಂದ ತುಂಬುತ್ತದೆ. ಲೈಬ್ರರಿಯು ನಕ್ಷತ್ರಗಳನ್ನು ಬರಿಯ ಭರ್ತಿಯೆಂದು ತಿಳಿದು ಕಿತ್ತುಹಾಕುವುದರಿಂದ ಆ ಫೀಲ್ಡು ಖಾಲಿಯೆಂದು ತೋರುತ್ತದೆ. ಮೂಲದಲ್ಲಿ ಮೊತ್ತವೇ ಕಳೆದುಹೋಗಿರುವ ಖಾತೆ ವೆಬ್ಬಿನಲ್ಲಿ ಏನೂ ಬಾಕಿಯಿಲ್ಲದ ಖಾತೆಯಂತೆ ಕಾಣಿಸಿದರೆ ಮುಂದಿನ ಜಗಳವನ್ನು ಬಿಡಿಸಿ ಹೇಳಬೇಕಿಲ್ಲ. ಇವೆರಡಕ್ಕೂ ಪರಿಹಾರ ಒಂದೇ: ಲೈಬ್ರರಿಯ ಫೀಲ್ಡ್‌ಪಾರ್ಸರ್ ಕ್ಲಾಸಿನಿಂದ ನಮ್ಮದೇ ಉಪಕ್ಲಾಸನ್ನು ಬರೆದು, ಸಂಖ್ಯಾ ಫೀಲ್ಡನ್ನು ಓದುವ ಮೆಥಡ್ಡನ್ನು ಬದಲಿಸಿ, ಖಾಲಿಯಿದ್ದರೆ ಶೂನ್ಯ ಮೌಲ್ಯ ಎನ್ನದೆ ಮೌಲ್ಯವಿಲ್ಲ ಎಂದೂ, ನಕ್ಷತ್ರಗಳಿದ್ದರೆ ದೋಷವೆಂದೂ, ಉಳಿದಾಗ ಡೆಸಿಮಲ್ ಎಂದೂ ಹಿಂದಿರುಗಿಸುವಂತೆ ಮಾಡಿ, ಆ ಕ್ಲಾಸನ್ನು ಪಾರ್ಸರ್‌ಕ್ಲಾಸ್ ಆಯ್ಕೆಯಾಗಿ ಕೊಡಬೇಕು.

ಎನ್‌ಕೋಡಿಂಗ್ ಆಯ್ಕೆಯನ್ನು ಲ್ಯಾಟಿನ್-1 ಎಂದು ಸ್ಪಷ್ಟವಾಗಿ ಬರೆಯಬೇಕು. ಶಿರೋಭಾಗದಲ್ಲಿ ಕೋಡ್ ಪೇಜಿನ ಗುರುತು ಇರುತ್ತದೆಯಾದರೂ ಕನ್ನಡ ದತ್ತಾಂಶದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ವಿಂಡೋಸ್ 1252 ಎಂದು ಕೊಟ್ಟರೆ 129, 141, 143, 144, 157 ಈ ಐದು ಬೈಟುಗಳಿಗೆ ಪೈಥಾನಿನಲ್ಲಿ ಅಕ್ಷರವೇ ಇಲ್ಲದ ಕಾರಣ ಓದು ನಡುವೆಯೇ ನಿಲ್ಲುತ್ತದೆ. ದೋಷವನ್ನು ಕಡೆಗಣಿಸು ಎಂದರೆ ಅಕ್ಷರಗಳು ಸದ್ದಿಲ್ಲದೆ ಮಾಯವಾಗುತ್ತವೆ. ಲ್ಯಾಟಿನ್-1ರಲ್ಲಿ 0ಯಿಂದ 255ರವರೆಗಿನ ಪ್ರತಿಯೊಂದು ಬೈಟೂ ಅದೇ ಸಂಖ್ಯೆಯ ಅಕ್ಷರವಾಗಿ ಉಳಿಯುತ್ತದೆ, ಏನೂ ನಷ್ಟವಾಗುವುದಿಲ್ಲ.

ಕನ್ನಡ ಪಠ್ಯವನ್ನು ಯೂನಿಕೋಡಿಗೆ ತರುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಭಾಗ ಇದು, ಮತ್ತು ಬೇರೆ ದೇಶದವರು ಬರೆದ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಯೂನಿಕೋಡಿಗೆ ಮುಂಚಿನ ಕನ್ನಡ ದತ್ತಾಂಶ ಎರಡು ಮುಖ್ಯ ರೂಪಗಳಲ್ಲಿ ಸಿಗುತ್ತದೆ. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳಿಗಾಗಿ ಕಂಪ್ಯೂಟರಿಗೆ ಸೇರಿಸುತ್ತಿದ್ದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಬಳಸಿ ತುಂಬಿದ ಫೈಲುಗಳಲ್ಲಿ 1991ರ ಭಾರತೀಯ ಮಾನಕವಾದ ಇಸ್ಕಿ ಸಂಕೇತಗಳಿರುತ್ತವೆ. ವಿಂಡೋಸ್ ಬಂದ ಮೇಲಿನ ಫೈಲುಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗೆ ಹೊಂದಿದ ಆಕಾರದ ಸಂಕೇತಗಳಿರುತ್ತವೆ.

ಎರಡರ ಅಂತರವನ್ನು ‘ಕನ್ನಡ’ ಎಂಬ ಪದದಲ್ಲಿಯೇ ನೋಡಬಹುದು. ಇಸ್ಕಿಯಲ್ಲಿ ಅದು 179, 198, 232, 198, 191 ಎಂಬ ಐದು ಬೈಟುಗಳು: ಕ, ನ, ವಿರಾಮ ಚಿಹ್ನೆ, ನ, ಡ. ಯೂನಿಕೋಡಿನಲ್ಲಿಯೂ ಇದೇ ಐದು ಘಟಕಗಳು ಇದೇ ಅನುಕ್ರಮದಲ್ಲಿವೆ, ಆದ್ದರಿಂದ ಇಸ್ಕಿಯ ಪರಿವರ್ತನೆ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಸುವ ಚಿಕ್ಕ ಕೋಷ್ಟಕದಲ್ಲಿ ಮುಗಿಯುತ್ತದೆ. ನುಡಿಯಲ್ಲಿ ಅದೇ ಪದ 80, 192, 163, 192, 223, 113, 192 ಎಂಬ ಏಳು ಬೈಟುಗಳಾಗುತ್ತದೆ. ಇಲ್ಲಿ 80 ತಲೆಕಟ್ಟಿಲ್ಲದ ಕ, 192 ತಲೆಕಟ್ಟು, 163 ತಲೆಕಟ್ಟಿಲ್ಲದ ನ, 223 ನಕಾರದ ಒತ್ತು, 113 ತಲೆಕಟ್ಟಿಲ್ಲದ ಡ. ಅಂದರೆ ಫೈಲಿನಲ್ಲಿರುವುದು ಅಕ್ಷರಗಳಲ್ಲ, ಅಚ್ಚಿನ ಮೊಳೆಗಳಂತೆ ಎಡದಿಂದ ಬಲಕ್ಕೆ ಜೋಡಿಸಿದ ಆಕಾರಗಳು.

ಆದ್ದರಿಂದ ಬೈಟಿಗೆ ಬದಲು ಅಕ್ಷರ ಹಾಕುತ್ತ ಹೋಗುವ ಸರಳ ವಿಧಾನ ಇಲ್ಲಿ ಸಾಲದು. ‘ಕರ್ನಾಟಕ’ ಎಂಬುದು ನುಡಿಯಲ್ಲಿ 80, 192, 163, 193, 240, 108, 80, 192. ಇಲ್ಲಿ 240 ಅರ್ಕಾವತ್ತು. ಅದು ‘ನಾ’ ಆದ ಮೇಲೆ ಬಂದಿದೆ, ಯೂನಿಕೋಡಿನಲ್ಲಿ ಮಾತ್ರ ‘ರ್’ ಎಂಬುದು ‘ನಾ’ಕ್ಕಿಂತ ಮೊದಲು ಬರಬೇಕು. ‘ನ್ನಿ’ ಎಂಬುದು 164, 223; ಮೊದಲು ಗುಡಿಸು ಸಹಿತವಾದ ‘ನಿ’, ಅನಂತರ ಒತ್ತು. ‘ನ್ನೀ’ ಆದರೆ ದೀರ್ಘದ ಚಿಹ್ನೆಯಾದ 195 ಒತ್ತಿನ ನಂತರ ಸೇರುತ್ತದೆ. ಇವನ್ನೆಲ್ಲ ಹುಡುಕಿ ಬದಲಿಸುವ ಆಜ್ಞೆಗಳ ಸಾಲಿನಿಂದ ಸರಿಪಡಿಸಲು ಹೋದವರ ಪರಿವರ್ತಕಗಳು ಸಾಮಾನ್ಯ ಪದಗಳಲ್ಲಿ ಗೆದ್ದು ಹೆಸರುಗಳಲ್ಲಿ ಸೋಲುತ್ತವೆ. ನನ್ನ ಮಟ್ಟಿಗೆ ಒಪ್ಪಿಗೆಯಾದ ವಿಧಾನವೆಂದರೆ ಬೈಟುಗಳ ಸಾಲನ್ನು ಮೊದಲು ಗುಣಿತಾಕ್ಷರಗಳ ಗುಂಪುಗಳಾಗಿ ಒಡೆಯುವುದು. ಹೊಸ ಮೂಲಾಕ್ಷರ ಕಂಡಾಗ ಹೊಸ ಗುಂಪು ಆರಂಭವಾಗುತ್ತದೆ. ನಂತರ ಬರುವ ಸ್ವರಚಿಹ್ನೆ, ಒತ್ತು, ದೀರ್ಘ, ಅರ್ಕಾವತ್ತು ಎಲ್ಲವೂ ಅದೇ ಗುಂಪಿಗೆ ಸೇರುತ್ತವೆ. ಗುಂಪು ಮುಗಿದಾಗ ಅರ್ಕಾವತ್ತು ಇದ್ದರೆ ‘ರ್’, ಅನಂತರ ಮೂಲ ವ್ಯಂಜನ, ಅನಂತರ ಒತ್ತುಗಳು ಬಂದ ಕ್ರಮದಲ್ಲಿ, ಕೊನೆಗೆ ಸ್ವರಚಿಹ್ನೆಗಳು ಹೀಗೆ ಹೊರಗೆ ಹಾಕಬೇಕು. ತಲೆಕಟ್ಟು ಏನನ್ನೂ ಹುಟ್ಟಿಸದೆ ಮಾಯವಾಗುತ್ತದೆ.

ಹೀಗೆ ಬಂದ ಪಠ್ಯವನ್ನು ಕಡ್ಡಾಯವಾಗಿ ಎನ್‌ಎಫ್‌ಸಿ ಎಂಬ, ಬಿಡಿ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ ತರಬೇಕು. ‘ಕೋ’ ಎಂಬುದು ನುಡಿಯಲ್ಲಿ 80, 201, 198, 195. ಅದನ್ನು ಪರಿವರ್ತಿಸಿದಾಗ ಕ, ಎತ್ವ, ಊಕಾರದ ಚಿಹ್ನೆ, ದೀರ್ಘ ಎಂಬ ನಾಲ್ಕು ಘಟಕಗಳು ಸಿಗುತ್ತವೆ. ಪರದೆಯ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ, ಆದರೆ ಸದಸ್ಯರು ಕೀಲಿಮಣೆಯಲ್ಲಿ ಒತ್ತಿದ ‘ಕೋ’ ಎರಡೇ ಘಟಕಗಳದ್ದು. ಹೋಲಿಸಿದರೆ ಎರಡೂ ಬೇರೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್ ಇವನ್ನು ಕೂಡಿಸಿ ಕೊಡುತ್ತದೆ.

ನುಡಿ ಮತ್ತು ಹಳೆಯ ಬರಹದ ಅಕ್ಷರಶೈಲಿಗಳಿಗೆ ಬಹುಪಾಲು ಒಂದೇ ಕೋಷ್ಟಕ ನಡೆಯುತ್ತದೆ. ಉಳಿದವಕ್ಕೆ ಅವುಗಳದೇ ಕೋಷ್ಟಕಗಳು ಬೇಕು. ತೆರೆದ ಆಕರದ ಪರಿವರ್ತಕಗಳ ಕೋಷ್ಟಕವನ್ನು ಎರವಲು ಪಡೆಯುವುದಾದರೆ ಒಂದು ಎಚ್ಚರ ಅಗತ್ಯ. ಅವು ಸಾಮಾನ್ಯವಾಗಿ ವಿಂಡೋಸ್ 1252ರಲ್ಲಿ ಕಾಣುವ ಚಿಹ್ನೆಗಳನ್ನು ಕೀಲಿಯಾಗಿ ಬಳಸಿರುತ್ತವೆ, ನಾವು ಓದಿರುವುದು ಲ್ಯಾಟಿನ್-1ರಲ್ಲಿ. 128ರಿಂದ 159ರವರೆಗಿನ ಬೈಟುಗಳಲ್ಲಿ ಇವೆರಡೂ ಬೇರೆಯಾಗುತ್ತವೆ. ಕೋಷ್ಟಕದ ಕೀಲಿಗಳನ್ನು ಮೊದಲೇ ಬೈಟಿನ ಸಂಖ್ಯೆಗಳಾಗಿ ಬದಲಿಸಿಕೊಂಡರೆ ಈ ಗೊಂದಲ ಉಳಿಯುವುದಿಲ್ಲ.

ಇನ್ನೊಂದು ಪ್ರಶ್ನೆ: ಯಾವ ಫೀಲ್ಡು ಕನ್ನಡದ್ದು, ಯಾವುದು ಇಂಗ್ಲಿಷಿನದು? ಇಸ್ಕಿಯಲ್ಲಿ ಇಂಗ್ಲಿಷ್ ಅಕ್ಷರಗಳು 128ಕ್ಕಿಂತ ಕೆಳಗೂ ಕನ್ನಡ 160ಕ್ಕಿಂತ ಮೇಲೂ ಇರುವುದರಿಂದ ಗುರುತಿಸುವುದು ಸುಲಭ. ನುಡಿಯಲ್ಲಿ ಹಾಗಿಲ್ಲ, ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆಯಾದ 65 ಅಲ್ಲಿ ಅನುಸ್ವಾರ. ಅಕ್ಷರಶೈಲಿ ಯಾವುದೆಂಬ ಮಾಹಿತಿ ಡಿಬಿಎಫ್‌ನಲ್ಲಿ ಇರುವುದೇ ಇಲ್ಲ, ಅದು ತಂತ್ರಾಂಶದ ಪರದೆ ಮತ್ತು ವರದಿಗಳ ವಿನ್ಯಾಸದಲ್ಲಿರುತ್ತದೆ. ಅದೃಷ್ಟಕ್ಕೆ ಆ ವಿನ್ಯಾಸವಿರುವ ವಿಷುಯಲ್ ಫಾಕ್ಸ್‌ಪ್ರೊದ ಎಸ್‌ಸಿಎಕ್ಸ್ (ಪರದೆ) ಮತ್ತು ಎಫ್‌ಆರ್‌ಎಕ್ಸ್ (ವರದಿ) ಫೈಲುಗಳೂ ವಾಸ್ತವವಾಗಿ ಬೇರೆ ಹೆಸರಿನ ಡಿಬಿಎಫ್ ಟೇಬಲುಗಳೇ. ಮೂಲ ಪ್ರಾಜೆಕ್ಟ್ ಫೋಲ್ಡರ್ ಉಳಿದಿದ್ದರೆ, ವರದಿಯ ಎಫ್‌ಆರ್‌ಎಕ್ಸ್ ಮತ್ತು ಎಫ್‌ಆರ್‌ಟಿ ಫೈಲುಗಳ ಪ್ರತಿಗೆ ಡಿಬಿಎಫ್ ಮತ್ತು ಎಫ್‌ಪಿಟಿ ಎಂದು ಹೆಸರಿಟ್ಟು ಅದೇ ಲೈಬ್ರರಿಯಿಂದ ತೆರೆದರೆ, ಯಾವ ಫೀಲ್ಡನ್ನು ಯಾವ ಅಕ್ಷರಶೈಲಿಯಲ್ಲಿ ಮುದ್ರಿಸಲಾಗಿದೆ ಎಂಬುದು ಫಾಂಟ್‌ಫೇಸ್ ಎಂಬ ಕಾಲಮ್ಮಿನಲ್ಲಿ ಸಿಗುತ್ತದೆ. ಪ್ರಾಜೆಕ್ಟ್ ಫೋಲ್ಡರ್ ಸಿಗದಿದ್ದರೆ ಪ್ರತಿ ಫೀಲ್ಡಿನ ಕೆಲವು ಮೌಲ್ಯಗಳನ್ನು ಎರಡೂ ರೀತಿಯಲ್ಲಿ ಅಚ್ಚುಹಾಕಿ, ಕೌಂಟರಿನ ಸಿಬ್ಬಂದಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುರುತು ಹಾಕಿಸಬೇಕು.

ಪರಿವರ್ತನೆ ಸರಿಯಾಗಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬಾರದು. ಯೂನಿಕೋಡಿನಿಂದ ನುಡಿಗೆ ಮರಳುವ ಫಂಕ್ಷನ್ನನ್ನೂ ಬರೆದು, ಎಲ್ಲ ರೆಕಾರ್ಡುಗಳನ್ನು ಆಚೆಗೂ ಈಚೆಗೂ ಪರಿವರ್ತಿಸಿ, ಮೂಲ ಬೈಟುಗಳಿಗೆ ಹೊಂದದವುಗಳನ್ನು ಮಾತ್ರ ಪಟ್ಟಿ ಮಾಡಿದರೆ ತಿದ್ದಬೇಕಾದ ಜಾಗಗಳು ತಾವೇ ಎದ್ದು ಬರುತ್ತವೆ. ಟೈಪ್ ಮಾಡುವವರು ಆಕಾರ ಹೊಂದಿಸಲು ಎರಡು ಸಲ ಒತ್ತಿದ ಒತ್ತುಗಳು, ತಲೆಕಟ್ಟಿನ ಮೇಲೆ ತಲೆಕಟ್ಟು ಇಂಥವು ಆ ಪಟ್ಟಿಯಲ್ಲಿ ಧಾರಾಳವಾಗಿ ಸಿಗುತ್ತವೆ.

ಹೊಸ ಡೇಟಾಬೇಸಿಗೆ ಸೇರಿಸುವುದು

ಪೋಸ್ಟ್‌ಗ್ರೆಸ್ ಇದಕ್ಕೆ ಸಾಕಷ್ಟು ಯೋಗ್ಯ. ಪಠ್ಯದ ಕಾಲಮ್ಮುಗಳಿಗೆ ಹಳೆಯ ಅಗಲವನ್ನು ಹೇರಬಾರದು. ನುಡಿಯಲ್ಲಿ ಏಳು ಬೈಟಿದ್ದ ‘ಕನ್ನಡ’ ಯುಟಿಎಫ್-8ರಲ್ಲಿ 15 ಬೈಟಾಗುತ್ತದೆ, ಅಕ್ಷರ ಎಣಿಸುವ ಡೇಟಾಬೇಸೂ ಬೈಟು ಎಣಿಸುವ ಡೇಟಾಬೇಸೂ ಬೇರೆ ಬೇರೆ ಉತ್ತರ ಕೊಡುತ್ತವೆ. ಪ್ರತಿಯೊಂದು ಪರಿವರ್ತಿತ ಕಾಲಮ್ಮಿನ ಪಕ್ಕದಲ್ಲಿ ಮೂಲ ಬೈಟುಗಳನ್ನೂ ಒಂದು ಬೈಟಿಎ (ಬೈಟುಗಳನ್ನು ಹಾಗೆಯೇ ಇಡುವ ಬಗೆಯ) ಕಾಲಮ್ಮಿನಲ್ಲಿ ಇಡುವುದು ಜಾಗದ ದುಂದಾಗಿ ಕಂಡರೂ, ಪರಿವರ್ತಕದಲ್ಲಿ ದೋಷ ಕಂಡ ದಿನ ಅದರ ಬೆಲೆ ತಿಳಿಯುತ್ತದೆ. ಹೆಸರಿನ ಹುಡುಕಾಟಕ್ಕೆ ಮೂರನೆಯ ಕಾಲಮ್ಮು ಇರಲಿ: ಎನ್‌ಎಫ್‌ಸಿ ಮಾಡಿದ ಪಠ್ಯದಿಂದ 8204 ಮತ್ತು 8205 ಸಂಖ್ಯೆಯ ಕಾಣದ ಜೋಡಣಾ ಚಿಹ್ನೆಗಳನ್ನೂ ಹೆಚ್ಚಿನ ಖಾಲಿ ಜಾಗಗಳನ್ನೂ ತೆಗೆದು ಅಲ್ಲಿಡಬೇಕು, ಬಳಕೆದಾರರು ಟೈಪ್ ಮಾಡಿದ ಪದಕ್ಕೂ ಇದೇ ಸಂಸ್ಕಾರ ಮಾಡಬೇಕು. ಅಕಾರಾದಿ ಜೋಡಣೆಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಆಧಾರದ ಕನ್ನಡ ಕೊಲೇಶನ್ (ಜೋಡಣೆಯ ನಿಯಮ) ಪೋಸ್ಟ್‌ಗ್ರೆಸ್‌ನಲ್ಲಿ ಲಭ್ಯವಿದೆ. ಹಳೆಯ ಇಂಡೆಕ್ಸ್ ಆಕಾರಗಳ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತಿದ್ದುದರಿಂದ ಅಲ್ಲಿನ ಹೆಸರುಗಳ ಸರದಿಗೆ ಅರ್ಥವಿರಲಿಲ್ಲ. ಸಿಬ್ಬಂದಿ ಹೊಸ ಪಟ್ಟಿಯನ್ನು ಮೊದಲ ಸಲ ಮೆಚ್ಚುವುದು ಸಾಮಾನ್ಯವಾಗಿ ಇಲ್ಲಿಯೇ.

ಡಿಬಿಎಫ್ ರೆಕಾರ್ಡಿನಲ್ಲಿ ಕೊನೆಯ ಬದಲಾವಣೆಯ ಸಮಯ ಇರುವುದಿಲ್ಲ. ಪ್ರತಿದಿನ ಇಡೀ ಟೇಬಲನ್ನು ಮತ್ತೆ ತುಂಬುವುದು ಕೆಲವು ಲಕ್ಷ ರೆಕಾರ್ಡುಗಳವರೆಗೆ ತೊಂದರೆಯಲ್ಲ, ಸರಳವೂ ಹೌದು. ಅದಕ್ಕಿಂತ ದೊಡ್ಡದಾದರೆ ಪ್ರತಿ ರೆಕಾರ್ಡಿನ ಹ್ಯಾಶ್ ಮೌಲ್ಯ ತೆಗೆದು ನಿನ್ನೆಯದರೊಂದಿಗೆ ಹೋಲಿಸಿ ಬದಲಾದವನ್ನು ಮಾತ್ರ ಕಳುಹಿಸಬಹುದು. ಹ್ಯಾಶಿನಲ್ಲಿ ಮೆಮೊದ ಒಳಗಿನ ಪಠ್ಯವೂ ಸೇರಿರಬೇಕು, ಏಕೆಂದರೆ ಹೊಸ ಪಠ್ಯ ಹಳೆಯ ಜಾಗದಲ್ಲಿಯೇ ಹಿಡಿಸಿದರೆ ಫಾಕ್ಸ್‌ಪ್ರೊ ಅಲ್ಲಿಯೇ ಬರೆದುಬಿಡುತ್ತದೆ, ಮುಖ್ಯ ರೆಕಾರ್ಡಿನ ಒಂದು ಬೈಟೂ ಬದಲಾಗುವುದಿಲ್ಲ. ಎರಡೂ ವಿಧಾನಗಳಲ್ಲಿ ದತ್ತಾಂಶ ಮೊದಲು ತಾತ್ಕಾಲಿಕ ಟೇಬಲಿಗೆ ಹೋಗಿ, ರೆಕಾರ್ಡುಗಳ ಎಣಿಕೆ ಮತ್ತು ಖಾತೆಗಳ ಒಟ್ಟು ಬಾಕಿ ಹಳೆಯ ತಂತ್ರಾಂಶದ ಟ್ರಯಲ್ ಬ್ಯಾಲೆನ್ಸಿಗೆ ಪೈಸೆಯವರೆಗೆ ತಾಳೆಯಾದರೆ ಮಾತ್ರ, ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ನಿಜವಾದ ಟೇಬಲಿಗೆ ಬರಬೇಕು.

ವೆಬ್ ಅಪ್ಲಿಕೇಶನ್ನಿನ ಕಡೆಯ ಕೆಲಸ ಇಷ್ಟಾದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಪೈಥಾನಿನ ವೆಬ್ ಚೌಕಟ್ಟಾದ ಜ್ಯಾಂಗೊ ಬಳಸುವವರು ಇನ್‌ಸ್ಪೆಕ್ಟ್‌ಡಿಬಿ ಆಜ್ಞೆಯಿಂದ ಮಾಡೆಲುಗಳನ್ನು ಪಡೆದು, ಟೇಬಲಿನ ರಚನೆಯನ್ನು ಅದು ಬದಲಿಸದಂತೆ ಮ್ಯಾನೇಜ್ಡ್ ಎಂಬುದನ್ನು ಫಾಲ್ಸ್ ಆಗಿ ಇಡಬೇಕು. ಎಸ್‌ಕ್ಯೂಎಲ್‌ಆಲ್ಕೆಮಿಯವರು ರಿಫ್ಲೆಕ್ಷನ್ ಬಳಸಬಹುದು. ಅಪ್ಲಿಕೇಶನ್ನಿನ ಡೇಟಾಬೇಸ್ ಬಳಕೆದಾರರಿಗೆ ಈ ಟೇಬಲುಗಳ ಮೇಲೆ ಸೆಲೆಕ್ಟ್ ಅನುಮತಿ ಮಾತ್ರ ಕೊಡಬೇಕು. ‘ಈ ಮಾಹಿತಿ ಇಂಥ ದಿನಾಂಕದ ಇಷ್ಟು ಗಂಟೆಯವರೆಗಿನದು’ ಎಂಬ ಸಾಲು ಪ್ರತಿಯೊಂದು ಬಾಕಿಯ ಪಕ್ಕದಲ್ಲಿಯೂ ಕಾಣುವಂತಿರಲಿ. ಇದನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬಚ್ಚಿಡುವ ಪದ್ಧತಿ ನನಗೆ ಹಿಡಿಸುವುದಿಲ್ಲ.

ವೆಬ್ಬಿನಿಂದ ಬರೆಯಬೇಕಾದಾಗ

ವಿಳಾಸ ಬದಲಾವಣೆ, ಹೊಸ ಸಾಲದ ಅರ್ಜಿ ಇಂಥವು ಬೇಗನೆ ಬೇಡಿಕೆಯ ಪಟ್ಟಿಗೆ ಬರುತ್ತವೆ. ಆಗಲೂ ವೆಬ್ ಅಪ್ಲಿಕೇಶನ್ ಹಳೆಯ ಫೈಲುಗಳನ್ನು ನೇರವಾಗಿ ಮುಟ್ಟಬಾರದೆಂಬ ಮೂಲ ನಿಯಮ ಬದಲಾಗಬೇಕಿಲ್ಲ. ಸದಸ್ಯರ ಕೋರಿಕೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ‘ವಿನಂತಿಗಳು’ ಎಂಬ ಟೇಬಲಿಗೆ ಒಂದು ವಿಶಿಷ್ಟ ಸಂಖ್ಯೆಯೊಂದಿಗೆ ಸೇರಿಸಬೇಕು. ಕಚೇರಿಯ ಒಳಗಿನ ಯಂತ್ರದಲ್ಲಿ ನಿಯತವಾಗಿ ಓಡುವ ಚಿಕ್ಕ ಪ್ರೋಗ್ರಾಂ ಅದನ್ನು ತೆಗೆದುಕೊಂಡು, ನುಡಿಯ ಬೈಟುಗಳಾಗಿ ಬದಲಿಸಿ, ಹಳೆಯ ಟೇಬಲಿಗೆ ಸೇರಿಸಿ, ಫಲಿತಾಂಶವನ್ನು ಹಿಂದಕ್ಕೆ ಬರೆಯಬೇಕು. ಈ ಪ್ರೋಗ್ರಾಂ ಪೈಥಾನಿನ ಡಿಬಿಎಫ್ ಲೈಬ್ರರಿಗಳನ್ನು ಬಳಸುವಂತಿಲ್ಲ. ಫಾಕ್ಸ್‌ಪ್ರೊದಲ್ಲಿಯೇ ಬರೆದು, ಟೇಬಲನ್ನು ಹಂಚಿಕೆಯ ಸ್ಥಿತಿಯಲ್ಲಿ ತೆರೆದು, ಆರ್‌ಲಾಕ್ ಮೂಲಕ ಆ ಒಂದು ರೆಕಾರ್ಡಿಗೆ ಮಾತ್ರ ಬೀಗ ಹಾಕುವುದು ಉತ್ತಮ. ಫಾಕ್ಸ್‌ಪ್ರೊ ಬಲ್ಲವರು ಸಿಗದಿದ್ದರೆ 32 ಬಿಟ್‌ನ ಪ್ರೋಗ್ರಾಮಿನಿಂದ ಓಎಲ್‌ಇ ಡಿಬಿ ಪ್ರೊವೈಡರ್ ಬಳಸಬಹುದು, ಅದು ಸಿಡಿಎಕ್ಸ್ ಇಂಡೆಕ್ಸನ್ನು ತಾನೇ ಪರಿಷ್ಕರಿಸುತ್ತದೆ. ವಿದ್ಯುತ್ ಹೋಗಿ ಪ್ರೋಗ್ರಾಂ ನಡುವೆ ನಿಂತರೆ ಅದೇ ವಿನಂತಿ ಎರಡನೆಯ ಸಲ ಸೇರದಂತೆ ವಿನಂತಿಯ ಸಂಖ್ಯೆಯನ್ನು ಹಳೆಯ ಕಡೆಯಲ್ಲಿಯೂ ಒಂದು ಪ್ರತ್ಯೇಕ ಡಿಬಿಎಫ್‌ನಲ್ಲಿ ದಾಖಲಿಸಿಡಬೇಕು. ಹಳೆಯ ತಂತ್ರಾಂಶದ ಟೇಬಲುಗಳಿಗೆ ಹೊಸ ಫೀಲ್ಡನ್ನು ಸೇರಿಸುವುದು ಮಾತ್ರ ಬೇಡ. ಫೀಲ್ಡುಗಳ ಕ್ರಮವನ್ನೇ ನಂಬಿ ಬರೆದ ಪ್ರೋಗ್ರಾಮುಗಳು ಅಂಥ ಕಡೆ ಇರುವ ಸಂಭವವಿದೆ.

ಹಣ ಜಮಾ ಅಥವಾ ಖರ್ಚು ಬೀಳುವ ನಮೂದುಗಳನ್ನು ಈ ದಾರಿಯಲ್ಲಿಯೂ ತಾನಾಗಿ ಸೇರಿಸಬಾರದು. ವಿನಂತಿ ಕೌಂಟರಿನ ಸಿಬ್ಬಂದಿಯ ಪರದೆಗೆ ಬರಲಿ, ಅವರು ಹಳೆಯ ತಂತ್ರಾಂಶದಲ್ಲಿಯೇ ನಮೂದಿಸಲಿ, ಮರುದಿನದ ಪ್ರತಿಯಲ್ಲಿ ಅದು ವೆಬ್ಬಿಗೆ ತಾನಾಗಿ ಬರುತ್ತದೆ.